ಕೊಲೆಸ್ಟ್ರಾಲ್ ಮಾತ್ರೆ, ತೊಡೆ ನೋವು, ಬೆಳಗಿನ ವಾಕಿಂಗ್: ಯಾವುದನ್ನು ಬದಲಾಯಿಸೋಣ?

ಲಾಲ್‌ಬಾಗ್ ಬಂಡೆಯ ಹತ್ತಿರ ಬೆಳಗ್ಗೆ ಆರೂವರೆಗೆ ಸೇರುವ ನಮ್ಮ ಗುಂಪಿನಲ್ಲಿ ಒಂಬತ್ತು ಜನ ಇದ್ದೇವೆ. ಅದರಲ್ಲಿ ಆರು ಜನ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ನುಂಗುವವರು, ನಾನೂ ಸೇರಿ. ರಾಜಕೀಯ, ಮಳೆ, ಮಕ್ಕಳ ಮದುವೆ ಎಲ್ಲ ಮುಗಿದ ಮೇಲೆ ಮಾತು ಬಂದು ನಿಲ್ಲುವುದು ತೊಡೆ ನೋವಿನಲ್ಲೇ. ಒಬ್ಬರು "ಮಾತ್ರೆ ಶುರುವಾದಾಗಿಂದ ಮೀನಖಂಡ ಹಿಡ್ಕೊಳ್ಳುತ್ತೆ ಕಣ್ರೀ" ಅನ್ನುತ್ತಾರೆ. ಇನ್ನೊಬ್ಬರು "ನಾನು ಬಿಟ್ಟೇಬಿಟ್ಟೆ, ಈಗ ಆರಾಮ" ಅನ್ನುತ್ತಾರೆ. ಮೂರನೆಯವರಿಗೆ ಅವರ ಬೀಗರು ಹೇಳಿದ್ದಾರಂತೆ, ಸ್ಟಾಟಿನ್ ತಗೊಳ್ಳುವವರು ಜಾಸ್ತಿ ನಡೀಬಾರದು, ಮಾಂಸಖಂಡ ಕರಗಿ ಹೋಗುತ್ತೆ ಅಂತ.

ನನಗೆ ಫೋನ್ ಮಾಡಿ ಕೇಳುವವರದ್ದೂ ಇದೇ ಪ್ರಶ್ನೆ. ಮಾತ್ರೆ ಬಿಡಲಾ, ವಾಕಿಂಗ್ ಬಿಡಲಾ? ಎರಡರಲ್ಲಿ ಒಂದನ್ನು ಬಿಡಲೇಬೇಕು ಅಂತ ಯಾರು ಹೇಳಿದ್ದು? ಡೋಸ್ ಇಳಿಸಬಹುದು, ಬೇರೆ ಸ್ಟಾಟಿನ್‌ಗೆ ಹೋಗಬಹುದು, ದಿನ ಬಿಟ್ಟು ದಿನ ತಗೊಳ್ಳಬಹುದು, ಇನ್ನೊಂದು ಮಾತ್ರೆ ಜೊತೆ ಸೇರಿಸಬಹುದು. ಆ ಕಡೆ ವ್ಯಾಯಾಮದಲ್ಲೂ ಬೇಕಾದಷ್ಟು ಆಯ್ಕೆ ಇದೆ. ಯಾವುದು ಯಾರಿಗೆ ಅನ್ನೋದೇ ಈ ಬರಹ. ನಾನು ಡಾಕ್ಟರ್ ಅಲ್ಲ, ಏಳು ವರ್ಷದಿಂದ ಮಾತ್ರೆ ನುಂಗುತ್ತಾ, ನಡೆಯುತ್ತಾ, ನಮ್ಮ ಡಾಕ್ಟರ ತಲೆ ತಿನ್ನುತ್ತಾ ಬಂದವನು. ಕೊನೆಯ ತೀರ್ಮಾನ ನಿಮ್ಮ ಡಾಕ್ಟರ ಮುಂದೆ ಕೂತೇ ಆಗಬೇಕು. ಹೋಗುವಾಗ ಕೈಯಲ್ಲಿ ಸರಿಯಾದ ಪ್ರಶ್ನೆ ಇರಲಿ ಅಂತ ಅಷ್ಟೆ.

ಮೊದಲು ಅಳತೆಗೋಲು

ಯಾವ ದಾರಿ ಹಿಡಿಯಬೇಕು ಅನ್ನುವ ಮೊದಲು ಐದು ವಿಷಯ ಗೊತ್ತಿರಬೇಕು. ಎಲ್ಲಕ್ಕಿಂತ ದೊಡ್ಡದು, ನಿಮಗೆ ಈ ಮಾತ್ರೆ ಯಾಕೆ ಬರೆದಿದ್ದಾರೆ? ಈಗಾಗಲೇ ಹಾರ್ಟ್ ಅಟ್ಯಾಕ್ ಆಗಿದೆ, ಸ್ಟೆಂಟ್ ಹಾಕಿದೆ, ಬೈಪಾಸ್ ಆಗಿದೆ, ಸ್ಟ್ರೋಕ್ ಆಗಿದೆ ಅಂದರೆ ಅದು ಒಂದು ಲೋಕ. ಅಲ್ಲಿ "ಸ್ವಲ್ಪ ದಿನ ಬಿಟ್ಟು ನೋಡೋಣ" ಅನ್ನೋದು ನೀವೇ ತಗೊಳ್ಳುವ ತೀರ್ಮಾನ ಅಲ್ಲವೇ ಅಲ್ಲ. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 160 ಬಂತು, ಬೇರೇನೂ ಇಲ್ಲ, ಮುನ್ನೆಚ್ಚರಿಕೆಗೆ ಬರೆದುಕೊಟ್ಟರು ಅಂದರೆ ಅದು ಬೇರೆ ಲೋಕ. ಅಲ್ಲಿ ನಿಧಾನಿಸಲು, ಯೋಚಿಸಲು ಜಾಗ ಇದೆ. ನಮ್ಮ ಗುಂಪಿನಲ್ಲಿ ಈ ಎರಡೂ ಥರದವರು ಒಂದೇ ಕಲ್ಲುಬೆಂಚಿನ ಮೇಲೆ ಕೂತು ಒಬ್ಬರಿಗೊಬ್ಬರು ಸಲಹೆ ಕೊಡುತ್ತಾರೆ. ಅದೇ ಅಪಾಯ.

ಎರಡನೆಯದು ನೋವಿನ ಗುಣ. ಸ್ಟಾಟಿನ್ ನೋವು ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿ ಬರುತ್ತದೆ. ದೊಡ್ಡ ಮಾಂಸಖಂಡಗಳಲ್ಲಿ, ಅಂದರೆ ತೊಡೆ, ಪೃಷ್ಠ, ಮೀನಖಂಡ, ಭುಜ, ಇಲ್ಲೆಲ್ಲ ಒಂಥರಾ ಜಡವಾದ ನೋವು, ಬಿಗಿತ, ಬಲ ಇಲ್ಲ ಅನ್ನಿಸುವುದು. ಮಾತ್ರೆ ಶುರು ಮಾಡಿದ ಅಥವಾ ಡೋಸ್ ಏರಿಸಿದ ಮೊದಲ ಒಂದೆರಡು ತಿಂಗಳಲ್ಲಿ ಕಾಣಿಸುತ್ತದೆ. ನಿಲ್ಲಿಸಿದರೆ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ, ಮತ್ತೆ ಶುರು ಮಾಡಿದರೆ ಮತ್ತೆ ಬರುತ್ತದೆ. ನಾಲ್ಕು ವರ್ಷ ತಂಟೆ ತಕರಾರಿಲ್ಲದೆ ನುಂಗಿ, ಈಗ ಬಲಗಡೆ ಮಂಡಿ ಮಾತ್ರ ನೋಯುತ್ತಿದೆ ಅಂದರೆ ಪಾಪ ಮಾತ್ರೆಯನ್ನು ಬೈಯಬೇಡಿ. ಕಾಲು ಜೋಮು ಹಿಡಿಯುವುದು, ಕೀಲು ಊದುವುದು, ಸೊಂಟದಿಂದ ಒಂದೇ ಕಾಲಿಗೆ ಎಳೆಯುವುದು, ಇವಕ್ಕೆಲ್ಲ ಬೇರೆ ಕಾರಣ ಹುಡುಕಬೇಕು.

ಮೂರನೆಯದು ರಕ್ತಪರೀಕ್ಷೆ. ಸಿಪಿಕೆ ಅಂತ ಲ್ಯಾಬಿನವರು ಬರೆಯುತ್ತಾರಲ್ಲ, ಅದು ಮಾಂಸಖಂಡಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಕಿಣ್ವ. ಜೊತೆಗೆ ಟಿಎಸ್‌ಎಚ್ ಮಾಡಿಸಿ. ಥೈರಾಯ್ಡ್ ಕಮ್ಮಿ ಇದ್ದರೆ ಕೊಲೆಸ್ಟ್ರಾಲೂ ಏರುತ್ತದೆ, ಮೈಕೈ ನೋವೂ ಬರುತ್ತದೆ, ಸಿಪಿಕೆಯೂ ಏರುತ್ತದೆ. ಅಂದರೆ ಮಾತ್ರೆ ಬೇಕಾಗಿ ಬಂದ ಕಾರಣವೂ ಅದೇ, ಮಾತ್ರೆ ಮೇಲೆ ಬಂದ ಆರೋಪದ ಕಾರಣವೂ ಅದೇ! ವಿಟಮಿನ್ ಡಿ ಕಮ್ಮಿ ಇದ್ದರೂ ಮಾಂಸಖಂಡ ನೋಯುತ್ತದೆ.

ನಾಲ್ಕನೆಯದು, ನೀವು ಮಾಡಬೇಕೆಂದಿರುವ ವ್ಯಾಯಾಮ ಯಾವ ಥರದ್ದು. ಐದನೆಯದು ದುಡ್ಡು. ಇವೆರಡರ ವಿಷಯ ಮುಂದೆ ಬರುತ್ತದೆ.

ನನ್ನ ಸಿಪಿಕೆ ಪ್ರಹಸನ

ಒಂದು ಭಾನುವಾರ ಅಕ್ಕನ ಮಗನ ಜೊತೆ ಸಾವನದುರ್ಗ ಹತ್ತಿದ್ದೆ. ಹತ್ತಿದ್ದು ಸರಿ. ಇಳಿಯುವಾಗ ಕಾಲು ನಡುಗುತ್ತಿತ್ತು, ಕೆಲವು ಕಡೆ ಕೂತುಕೊಂಡೇ ಜಾರಿದೆ. ಮಂಗಳವಾರ ಬೆಳಗ್ಗೆ ಮೊದಲೇ ಬುಕ್ ಮಾಡಿದ್ದ ರಕ್ತಪರೀಕ್ಷೆ. ಹುಡುಗ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದ. ಖಾಲಿ ಹೊಟ್ಟೆಯಲ್ಲಿ ಇದ್ದೀರಾ ಅಂತ ಕೇಳಿದ, ಎರಡು ದಿನದ ಹಿಂದೆ ಬೆಟ್ಟ ಹತ್ತಿದ್ದೀರಾ ಅಂತ ಕೇಳಲಿಲ್ಲ. ಸಂಜೆ ರಿಪೋರ್ಟ್ ಬಂತು. ಸಿಪಿಕೆ 640, ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ಕೆಂಪು ಬಾಣ. ಲ್ಯಾಬಿನ ಮಿತಿ 200ರ ಒಳಗೆ. ನನ್ನ ಹೆಂಡತಿ ಆ ಕೆಂಪು ಬಾಣ ನೋಡಿ ಮಾತ್ರೆ ಡಬ್ಬಿಯನ್ನೇ ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

ಡಾಕ್ಟರು ನಕ್ಕರು. "ಬೆಟ್ಟ ಇಳಿದಿದ್ದೀರಿ ಅಲ್ವಾ, ಏರದೆ ಇದ್ದಿದ್ದರೆ ಆಶ್ಚರ್ಯ. ಒಂದು ವಾರ ಬರೀ ಮಾಮೂಲಿ ನಡಿಗೆ ಮಾಡಿ, ಆಮೇಲೆ ಮತ್ತೆ ಕೊಡಿ" ಅಂದರು. ಮಾತ್ರೆ ಮುಂದುವರಿಸಲು ಹೇಳಿದರು. ವಾರದ ನಂತರ 170.

ವಿಷಯ ಇಷ್ಟೆ. ಮೇಲೆ ಹತ್ತುವಾಗ ತೊಡೆಯ ಮಾಂಸಖಂಡ ಕುಗ್ಗಿ ಕೆಲಸ ಮಾಡುತ್ತದೆ. ಇಳಿಯುವಾಗ ಮೈಭಾರ ತಡೆಯುತ್ತಾ, ಹಿಗ್ಗುತ್ತಾ ಕೆಲಸ ಮಾಡುತ್ತದೆ. ಈ ಹಿಗ್ಗುವ ಕೆಲಸದಲ್ಲೇ ಮಾಂಸಖಂಡದ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಜಾಸ್ತಿ. ನೋವು ಅದೇ ದಿನ ಗೊತ್ತಾಗುವುದಿಲ್ಲ, ಒಂದರಿಂದ ಮೂರು ದಿನದ ನಡುವೆ ಜೋರಾಗುತ್ತದೆ. ಸ್ಟಾಟಿನ್ ಮುಟ್ಟದವರಿಗೂ ಹೀಗೇ. ರಥಸಪ್ತಮಿಗೆ ಅಭ್ಯಾಸವಿಲ್ಲದೆ 108 ಸೂರ್ಯ ನಮಸ್ಕಾರ ಹಾಕಿ ಮಾರನೆಯ ದಿನ ಮೆಟ್ಟಿಲು ಇಳಿಯಲು ಗೋಡೆ ಹಿಡಿದವರನ್ನು ಕೇಳಿ ನೋಡಿ. ಹಾಗಾಗಿ ಸಿಪಿಕೆ ಕೊಡುವ ಮುಂಚೆ ನಾಲ್ಕೈದು ದಿನ, ಸಾಧ್ಯವಾದರೆ ಒಂದು ವಾರ, ಭಾರೀ ಕಸರತ್ತು ಬೇಡ.

ಸರಿ, ನಿಜವಾಗಿ ಎಷ್ಟು ತಪ್ಪು ಮಾತ್ರೆಯದ್ದು?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಮುಂದಿನ ಎಲ್ಲ ತೂಕವೂ ಇದರ ಮೇಲೇ ನಿಂತಿದೆ.

2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ದೊಡ್ಡ ಲೆಕ್ಕ ಬಂತು. ಒಂದು ಗುಂಪಿಗೆ ಸ್ಟಾಟಿನ್, ಇನ್ನೊಂದು ಗುಂಪಿಗೆ ನೋಡಲು ಹಾಗೇ ಇರುವ, ಔಷಧವೇ ಇಲ್ಲದ ಸಪ್ಪೆ ಮಾತ್ರೆ ಕೊಟ್ಟ 19 ಪ್ರಯೋಗಗಳು, ಒಟ್ಟು 1,23,940 ಜನ. ಸ್ಟಾಟಿನ್ ತಗೊಂಡವರಲ್ಲಿ 27.1 ಶೇಕಡ ಜನ ಮಾಂಸಖಂಡದ ನೋವು ಅಥವಾ ನಿಶ್ಶಕ್ತಿ ಅಂದರು. ಸಪ್ಪೆ ಮಾತ್ರೆಯವರಲ್ಲಿ 26.6 ಶೇಕಡ. ಅಂದರೆ ನೋವು ನಿಜ, ಆದರೆ ಬಹುಪಾಲು ನೋವು ಹೇಗಿದ್ದರೂ ಬರುತ್ತಿತ್ತು. ಮೊದಲ ವರ್ಷದಲ್ಲಿ ಮಾತ್ರ ಸಾವಿರಕ್ಕೆ ಸುಮಾರು 11 ಜನರಿಗೆ ಮಾತ್ರೆಯಿಂದಲೇ ಹೆಚ್ಚುವರಿ ನೋವು ಬಂದದ್ದು ಕಂಡಿತು, ಅದೂ ಹೆಚ್ಚಿನಂಶ ಸಣ್ಣ ಮಟ್ಟದ್ದು. ಮೊದಲ ವರ್ಷ ದಾಟಿದ ಮೇಲೆ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ಇನ್ನೊಂದು ಚಿಕ್ಕ ಪ್ರಯೋಗ ನನಗೆ ಬಹಳ ಇಷ್ಟ. 2020ರದ್ದು, ಲಂಡನ್ನಿನದು, ಹೆಸರು ಸ್ಯಾಮ್ಸನ್. ನೋವು ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಹನ್ನೆರಡು ತಿಂಗಳಿಗೆ ಹನ್ನೆರಡು ಬಾಟಲಿ. ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಸಪ್ಪೆ ಮಾತ್ರೆ, ನಾಲ್ಕು ಖಾಲಿ. ದಿನಾ ತೊಂದರೆಗೆ ನೂರಕ್ಕೆ ಇಷ್ಟು ಅಂತ ಅಂಕ ಕೊಡಬೇಕು. ಖಾಲಿ ಬಾಟಲಿಯ ತಿಂಗಳುಗಳಲ್ಲಿ ಸರಾಸರಿ 8. ಸ್ಟಾಟಿನ್ ತಿಂಗಳುಗಳಲ್ಲಿ 16.3. ಸಪ್ಪೆ ಮಾತ್ರೆಯ ತಿಂಗಳುಗಳಲ್ಲಿ? 15.4. ನುಂಗುತ್ತಿದ್ದೇನೆ ಅನ್ನುವ ಅರಿವೇ ಹೆಚ್ಚಿನ ತೊಂದರೆ ತಂದಿತ್ತು. ಸುಮ್ನೆ ನಾಟಕ ಅಂತ ಅರ್ಥ ಅಲ್ಲ ಇದು, ಆ ನೋವು ಅವರಿಗೆ ನಿಜವಾಗಿಯೂ ಆಗುತ್ತಿತ್ತು. ತಮ್ಮದೇ ಅಂಕಪಟ್ಟಿ ನೋಡಿದ ಮೇಲೆ ಅರ್ಧದಷ್ಟು ಜನ ಮತ್ತೆ ಮಾತ್ರೆ ಶುರು ಮಾಡಿದರು.

ಹಾಗಂತ ನಿಜವಾಗಿ ಮಾತ್ರೆಯಿಂದಲೇ ನರಳುವವರು ಇಲ್ಲವೇ ಇಲ್ಲ ಅನ್ನಬೇಡಿ. ಇದ್ದಾರೆ. ವಯಸ್ಸಾದವರು, ಸಣ್ಣ ಮೈಕಟ್ಟಿನವರು, ಹೆಂಗಸರು, ಥೈರಾಯ್ಡ್ ಅಥವಾ ಕಿಡ್ನಿ ತೊಂದರೆ ಇರುವವರು, ಜಾಸ್ತಿ ಕುಡಿಯುವವರು, ಬೇರೆ ಕೆಲವು ಔಷಧ ಜೊತೆಗೆ ತಗೊಳ್ಳುವವರು, ಇವರಿಗೆ ಸಾಧ್ಯತೆ ಹೆಚ್ಚು. ಕ್ಲಾರಿತ್ರೋಮೈಸಿನ್ ಎಂಬ ಆಂಟಿಬಯೋಟಿಕ್, ಫಂಗಸ್‌ಗೆ ಕೊಡುವ ಇಟ್ರಾಕೊನಜೋಲ್, ಬಿಪಿಗೆ ಕೊಡುವ ಡಿಲ್ಟಿಯಾಜೆಮ್, ಇವು ಸಿಮ್ವಾಸ್ಟಾಟಿನ್ ಮತ್ತು ಅಟೊರ್ವಾಸ್ಟಾಟಿನ್‌ನ ಮಟ್ಟವನ್ನು ರಕ್ತದಲ್ಲಿ ಏರಿಸುತ್ತವೆ. ಗ್ರೇಪ್‌ಫ್ರೂಟ್ ಬೇಡ ಅಂತ ಮಾತ್ರೆಯ ಚೀಟಿಯಲ್ಲಿ ಇರುತ್ತದೆ, ನಮ್ಮ ಊರಲ್ಲಿ ಅದು ಯಾರು ತಿನ್ನುತ್ತಾರೆ ಅಂದುಕೊಂಡಿದ್ದೆ. ಅದರ ಹತ್ತಿರದ ನೆಂಟ ನಮ್ಮ ಚಕ್ಕೋತ! ದೇವನಹಳ್ಳಿ ಕಡೆ ತೋಟ ಇರುವ ನೆಂಟರು ಕೊಟ್ಟು ಕಳಿಸಿದರೆ ಒಂದೆರಡು ತೊಳೆಗೆ ಹೆದರಬೇಕಿಲ್ಲ, ದಿನಾ ಒಂದು ಹಣ್ಣು ಮುಗಿಸುವ ಅಭ್ಯಾಸ ಇದ್ದರೆ ಡಾಕ್ಟರಿಗೆ ಹೇಳಿ. ರೋಸುವಾಸ್ಟಾಟಿನ್‌ಗೆ ಈ ತಾಪತ್ರಯ ಇಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಮೂತ್ರ ಕಡುಗಂದು ಬಣ್ಣಕ್ಕೆ, ಕೋಲಾ ಥರ, ತಿರುಗಿದರೆ, ಕೂತಲ್ಲಿಂದ ಏಳಲು ಆಗದಷ್ಟು ಬಲ ಹೋದರೆ, ಅದರ ಜೊತೆ ಜ್ವರ ಬಂದರೆ, ಯಾವ ಹೋಲಿಕೆಯೂ ಬೇಡ, ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ತೀರಾ ಅಪರೂಪ ಇದು, ಆದರೆ ಮಾಂಸಖಂಡ ಒಡೆದು ಕಿಡ್ನಿಗೆ ಹೊಡೆತ ಬೀಳುವ ಸ್ಥಿತಿ. ಸೆರಿವಾಸ್ಟಾಟಿನ್ ಅನ್ನುವ ಒಂದು ಸ್ಟಾಟಿನ್ ಇದೇ ಕಾರಣಕ್ಕೆ 2001ರಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು.

ಮಾತ್ರೆ ಕಡೆಯ ಆಯ್ಕೆಗಳು

ಮೊದಲ ಆಯ್ಕೆ ಏನೂ ಬದಲಾಯಿಸದೆ ಕಾಯುವುದು. ಸಣ್ಣ ನೋವು, ಸಿಪಿಕೆ ಸರಿ ಇದೆ, ಮಾತ್ರೆ ಶುರುವಾಗಿ ಮೂರೇ ವಾರ ಆಗಿದೆ ಅಂದರೆ ನನ್ನ ಓಟು ಇದಕ್ಕೇ. ಖರ್ಚಿಲ್ಲ, ರಕ್ಷಣೆ ತಪ್ಪುವುದಿಲ್ಲ. ಬೇಕಾದದ್ದು ತಾಳ್ಮೆ ಮಾತ್ರ.

ಎರಡನೆಯದು ನಿಲ್ಲಿಸಿ ನೋಡುವುದು. ಎರಡರಿಂದ ನಾಲ್ಕು ವಾರ ನಿಲ್ಲಿಸಿ, ನೋವು ಹೋಗುತ್ತಾ ಅಂತ ಗಮನಿಸಿ, ಮತ್ತೆ ಶುರು ಮಾಡಿ, ಮತ್ತೆ ಬರುತ್ತಾ ಅಂತ ನೋಡುವುದು. ಎಲ್ಲ ಪರೀಕ್ಷೆಗಳಿಗಿಂತ ಇದೇ ಸ್ಪಷ್ಟ ಉತ್ತರ ಕೊಡುತ್ತದೆ. ಆದರೆ ಎರಡು ಷರತ್ತು. ಸ್ಟೆಂಟ್ ಆದವರು ಡಾಕ್ಟರು ದಿನಾಂಕ ಹಾಕಿಕೊಡದೆ ಇದಕ್ಕೆ ಕೈ ಹಾಕಬಾರದು. ಮತ್ತೆ ಶುರು ಮಾಡುವ ಭಾಗವನ್ನು ಯಾರೂ ಬಿಡಬಾರದು. ನಮ್ಮವರು ಮಾಡುವುದೇ ಇದು, ನಿಲ್ಲಿಸುತ್ತಾರೆ, ಆರಾಮ ಅನ್ನಿಸುತ್ತದೆ, ಅಲ್ಲಿಗೆ ಮುಗಿಯಿತು. ನೋವು ತಾನಾಗಿಯೇ ಹೋಗುತ್ತಿತ್ತೋ ಏನೋ, ಯಾರಿಗೆ ಗೊತ್ತು? ಈ ವಾರಗಳಲ್ಲಿ ವ್ಯಾಯಾಮವನ್ನೂ ಮೊದಲಿನ ಹಾಗೇ ಇಟ್ಟುಕೊಳ್ಳಿ. ಮಾತ್ರೆ, ಜಿಮ್ ಎರಡನ್ನೂ ಒಟ್ಟಿಗೆ ಬಿಟ್ಟರೆ ಯಾವುದರಿಂದ ಗುಣವಾಯಿತು ಅಂತ ಗೊತ್ತಾಗುವುದೇ ಇಲ್ಲ.

ಮೂರನೆಯದು ಡೋಸ್ ಇಳಿಸುವುದು ಅಥವಾ ಬೇರೆ ಸ್ಟಾಟಿನ್. ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ಸ್ಟಾಟಿನ್ ಡೋಸ್ ದುಪ್ಪಟ್ಟು ಮಾಡಿದರೆ ಎಲ್‌ಡಿಎಲ್ ಇನ್ನೊಂದು ಸುಮಾರು 6 ಶೇಕಡ ಮಾತ್ರ ಇಳಿಯುತ್ತದೆ. ಇದನ್ನೇ ತಿರುಗಿಸಿ ಓದಿ. ಅರ್ಧ ಮಾಡಿದರೆ ಕಳೆದುಕೊಳ್ಳುವುದೂ ಅಷ್ಟೇ. ಅಟೊರ್ವಾ 40ರಲ್ಲಿ ನರಳುವವರಿಗೆ 20 ಒಗ್ಗಿದರೆ ಅದು ನಷ್ಟದ ವ್ಯಾಪಾರ ಏನಲ್ಲ. ಇನ್ನು ಅಟೊರ್ವಾ, ಸಿಮ್ವಾ ಕೊಬ್ಬಿನಲ್ಲಿ ಕರಗುವಂಥವು, ರೋಸುವಾ, ಪ್ರಾವಾ ನೀರಿನಲ್ಲಿ ಕರಗುವಂಥವು, ಹಾಗಾಗಿ ಇವು ಮಾಂಸಖಂಡದೊಳಗೆ ಕಮ್ಮಿ ನುಗ್ಗುತ್ತವೆ ಅನ್ನೋದು ವಾದ. ಕೆಲವರಿಗೆ ಬದಲಾವಣೆ ಒಗ್ಗುತ್ತದೆ, ಗ್ಯಾರಂಟಿ ಇಲ್ಲ. ಏಷ್ಯಾದವರ ರಕ್ತದಲ್ಲಿ ರೋಸುವಾ ಮಟ್ಟ ಜಾಸ್ತಿ ಏರುವುದರಿಂದ 5 ಎಂಜಿಯಿಂದ ಶುರು ಮಾಡಿ ಅಂತ ಅಮೆರಿಕದ ಲೇಬಲ್‌ನಲ್ಲೇ ಇದೆ. ನಿಮಗೆ ನೇರವಾಗಿ 20 ಬರೆದಿದ್ದರೆ ಕೇಳುವುದರಲ್ಲಿ ತಪ್ಪಿಲ್ಲ. ಹಾರ್ಟ್ ಅಟ್ಯಾಕ್ ಆದವರಿಗೆ ಬೇಕೆಂದೇ ದೊಡ್ಡ ಡೋಸ್ ಬರೆಯುತ್ತಾರೆ ಅನ್ನೋದೂ ನೆನಪಿರಲಿ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಬುದ್ಧಿವಂತಿಕೆಯದ್ದು ಅನ್ನಿಸಿದ್ದು, ಸಣ್ಣ ಡೋಸ್ ಸ್ಟಾಟಿನ್ ಜೊತೆ ಎಜೆಟಿಮೈಬ್ 10 ಎಂಜಿ. ಎಜೆಟಿಮೈಬ್ ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುತ್ತದೆ, ತಾನೇ 15ರಿಂದ 20 ಶೇಕಡ ಎಲ್‌ಡಿಎಲ್ ಇಳಿಸುತ್ತದೆ. 2022ರಲ್ಲಿ ಕೊರಿಯಾದಲ್ಲಿ ಹೃದ್ರೋಗ ಇರುವ 3,780 ಜನರ ಮೇಲೆ ಮೂರು ವರ್ಷ ಪರೀಕ್ಷಿಸಿದರು. ರೋಸುವಾ 10 ಜೊತೆ ಎಜೆಟಿಮೈಬ್ ಒಂದು ಕಡೆ, ಬರೀ ರೋಸುವಾ 20 ಇನ್ನೊಂದು ಕಡೆ. ರಕ್ಷಣೆಯಲ್ಲಿ ಜೋಡಿ ಮಾತ್ರೆ ಹಿಂದೆ ಬೀಳಲಿಲ್ಲ. ಒಗ್ಗಲಿಲ್ಲ ಅಂತ ಬಿಟ್ಟವರು ಅಥವಾ ಡೋಸ್ ಇಳಿಸಿದವರು ಜೋಡಿಯಲ್ಲಿ 4.8 ಶೇಕಡ, ದೊಡ್ಡ ಡೋಸಿನಲ್ಲಿ 8.2. ಎರಡೂ ಸೇರಿದ ಒಂದೇ ಮಾತ್ರೆ ಇಲ್ಲಿ ಯಾವ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಬರೀ ಸ್ಟಾಟಿನ್‌ಗಿಂತ ಸ್ಟ್ರಿಪ್ಪಿಗೆ ಸ್ವಲ್ಪ ಜಾಸ್ತಿ ಆಗುತ್ತದೆ, ಅಷ್ಟೆ.

ದಿನ ಬಿಟ್ಟು ದಿನ ರೋಸುವಾ ತಗೊಳ್ಳುವುದು ಇನ್ನೊಂದು ದಾರಿ. ಅದು ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುವುದರಿಂದ ಈ ಉಪಾಯ ನಡೆಯುತ್ತದೆ, ಎಲ್‌ಡಿಎಲ್ ಚೆನ್ನಾಗಿಯೇ ಇಳಿಯುತ್ತದೆ. ಆದರೆ ದಿನಾ ತಗೊಂಡಾಗ ಹಾರ್ಟ್ ಅಟ್ಯಾಕ್ ತಪ್ಪುತ್ತದೆ ಅನ್ನಲು ಇರುವಂಥ ದೊಡ್ಡ ಪುರಾವೆ ಇದಕ್ಕಿಲ್ಲ. ಏನೂ ತಗೊಳ್ಳದೆ ಇರುವುದಕ್ಕಿಂತ ಎಷ್ಟೋ ವಾಸಿ. ಮರೆವು ಇರುವವರಿಗೆ ಮಾತ್ರ ಕಷ್ಟ. ಇವತ್ತು ಮಾತ್ರೆ ದಿನವೋ ಬಿಡುವ ದಿನವೋ ಅಂತ ನಮ್ಮ ಗುಂಪಿನ ಒಬ್ಬರು ಪ್ರತಿದಿನ ಹೆಂಡತಿಗೆ ಫೋನ್ ಮಾಡಿ ಕೇಳುತ್ತಾರೆ.

ಎರಡು ಮೂರು ಸ್ಟಾಟಿನ್ ಪ್ರಯತ್ನಿಸಿ, ಸಣ್ಣ ಡೋಸಿನಲ್ಲೂ ಆಗಲೇ ಇಲ್ಲ ಅನ್ನುವವರಿಗೆ ಬೆಂಪೆಡೊಯಿಕ್ ಆಸಿಡ್ ಅನ್ನುವ ಬೇರೆ ಥರದ ಕೊಲೆಸ್ಟ್ರಾಲ್ ಮಾತ್ರೆ ಇದೆ. ಇದನ್ನು ಚುರುಕುಗೊಳಿಸುವ ಕಿಣ್ವ ಲಿವರ್‌ನಲ್ಲಿದೆ, ಮಾಂಸಖಂಡದಲ್ಲಿ ಇಲ್ಲ, ಹಾಗಾಗಿ ಅಲ್ಲಿ ಇದು ಕೆಲಸ ಮಾಡುವುದಿಲ್ಲ. ಸ್ಟಾಟಿನ್ ಒಗ್ಗದ ಸುಮಾರು 14 ಸಾವಿರ ಜನರ ಮೇಲೆ ನಡೆದ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೃದಯದ ದೊಡ್ಡ ತೊಂದರೆಗಳು 13 ಶೇಕಡ ಕಮ್ಮಿಯಾದವು. ಆದರೆ ಯೂರಿಕ್ ಆಸಿಡ್ ಏರಿಸುತ್ತದೆ, ಗೌಟ್ ಇರುವವರು ಮೊದಲೇ ಹೇಳಬೇಕು. ಅದರಾಚೆ ಇಂಜೆಕ್ಷನ್‌ಗಳಿವೆ. ಎರಡು ವಾರಕ್ಕೊಂದು, ತಿಂಗಳಿಗೊಂದು, ಆರು ತಿಂಗಳಿಗೊಂದು ಕೊಡುವಂಥವು. ಕೆಲಸ ಜೋರು, ಬೆಲೆ ಅದಕ್ಕಿಂತ ಜೋರು. ಸ್ಟಾಟಿನ್ ಖರ್ಚು ಜನೌಷಧಿ ಕೇಂದ್ರದಲ್ಲಿ ತಿಂಗಳಿಗೆ ಒಂದು ಮಸಾಲೆ ದೋಸೆ, ಕಾಫಿ ಲೆಕ್ಕದಲ್ಲಿ ಮುಗಿದರೆ ಇಲ್ಲಿ ಲೆಕ್ಕ ಸಾವಿರಗಳಲ್ಲೇ ಶುರು. ಮನೆತನದಲ್ಲೇ ಕೊಲೆಸ್ಟ್ರಾಲ್ ವಿಪರೀತ ಇರುವವರಿಗೆ, ಸ್ಟೆಂಟ್ ಮೇಲೆ ಸ್ಟೆಂಟ್ ಆದವರಿಗೆ ಇದರ ಮಾತು. ನೋವು ಅಂತ ಮೊದಲ ವಾರವೇ ಇದರ ಕಡೆ ನೋಡುವುದು ಬೇಡ.

ಕೊಎನ್‌ಜೈಮ್ ಕ್ಯೂ10 ಅನ್ನುವ, ಸ್ಟಾಟಿನ್ ನೋವಿಗೆ ತಗೊಳ್ಳುವ ಸಪ್ಲಿಮೆಂಟ್ ಬಗ್ಗೆ ಬಹಳ ಜನ ಕೇಳುತ್ತಾರೆ. ಪ್ರಯೋಗಗಳ ಉತ್ತರ ಒಂದೊಂದು ಒಂದೊಂದು ಥರ ಇದೆ, ದುಬಾರಿ ಬೇರೆ. ನಾನಾದರೆ ಆ ದುಡ್ಡಲ್ಲಿ ಒಳ್ಳೆ ಶೂ ತಗೊಳ್ಳುತ್ತೇನೆ. ವಿಟಮಿನ್ ಡಿ ಕಮ್ಮಿ ಇದ್ದರೆ ತಗೊಳ್ಳಿ, ಆದರೆ ಸ್ಟಾಟಿನ್ ನೋವು ಬಾರದಂತೆ ಅದು ತಡೆಯುವುದಿಲ್ಲ ಅಂತ 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಗೊತ್ತಾಗಿದೆ. ಇನ್ನು ಆನ್‌ಲೈನ್‌ನಲ್ಲಿ "ನೈಸರ್ಗಿಕ" ಅಂತ ಮಾರುವ ರೆಡ್ ಯೀಸ್ಟ್ ರೈಸ್ ಕ್ಯಾಪ್ಸೂಲ್. ಅದರಲ್ಲಿ ಕೆಲಸ ಮಾಡುವ ವಸ್ತು ಲೊವಾಸ್ಟಾಟಿನ್ನೇ! ಸ್ಟಾಟಿನ್ ಬೇಡ ಅಂತ ಓಡಿ, ಅಳತೆ ಗೊತ್ತಿಲ್ಲದ ಸ್ಟಾಟಿನ್ ನುಂಗಿದ ಹಾಗೆ. ನಮ್ಮ ಕೆಂಪಕ್ಕಿಗೂ ಇದಕ್ಕೂ ಸಂಬಂಧ ಇಲ್ಲ, ಕೆಂಪಕ್ಕಿ ಧಾರಾಳವಾಗಿ ತಿನ್ನಿ.

ವ್ಯಾಯಾಮದ ಕಡೆ

ಬೀಗರ ಮಾತಿಗೆ ಈಗ ಬರೋಣ. ನಡೆದರೆ ಮಾಂಸಖಂಡ ಕರಗುತ್ತಾ?

ನೆದರ್‌ಲೆಂಡ್ಸ್‌ನ ನೈಮೇಗನ್ ಅನ್ನುವ ಊರಲ್ಲಿ ಪ್ರತಿವರ್ಷ ನಾಲ್ಕು ದಿನದ ನಡಿಗೆ ಹಬ್ಬ ನಡೆಯುತ್ತದೆ. ದಿನಕ್ಕೆ 30, 40 ಅಥವಾ 50 ಕಿಲೋಮೀಟರ್. ಅಲ್ಲಿ ನಡೆದವರಲ್ಲಿ ಸ್ಟಾಟಿನ್ ತಗೊಂಡು ನೋವಿದ್ದವರು, ಸ್ಟಾಟಿನ್ ತಗೊಂಡೂ ನೋವಿಲ್ಲದವರು, ಸ್ಟಾಟಿನ್ ಇಲ್ಲದವರು ಅಂತ ಮೂರು ಗುಂಪು ಮಾಡಿ ರಕ್ತ ಪರೀಕ್ಷಿಸಿದರು. 2023ರಲ್ಲಿ ಪ್ರಕಟವಾಯಿತು. ನಡೆದಂತೆ ಸಿಪಿಕೆ ಎಲ್ಲರದ್ದೂ ಏರಿತು, ಮೂರು ಗುಂಪಿಗೂ ಹೆಚ್ಚುಕಮ್ಮಿ ಒಂದೇ ಥರ. ಮೊದಲೇ ನೋವಿದ್ದವರ ನೋವಿನ ಅಂಕ ಮೊದಲಿನಿಂದಲೇ ಮೇಲಿತ್ತು, ಆದರೆ ನಡೆದದ್ದರಿಂದ ಅವರಿಗೆ ಉಳಿದವರಿಗಿಂತ ಹೆಚ್ಚಿನ ಪೆಟ್ಟೇನೂ ಆಗಲಿಲ್ಲ. ಲಾಲ್‌ಬಾಗ್ ಒಂದು ಸುತ್ತು ಹಾಕಿ ಎಳನೀರು ಕುಡಿಯುವ ನಾವು ಯಾವ ಲೆಕ್ಕ!

ಹಾಗಾಗಿ ಸಮತಟ್ಟು ನೆಲದ ಚುರುಕು ನಡಿಗೆ ನನ್ನ ಪಟ್ಟಿಯಲ್ಲಿ ಮೊದಲು. ಲಾಲ್‌ಬಾಗ್ ಒಳದಾರಿ, ಭಾನುವಾರ ಗಾಡಿಗಳಿಲ್ಲದ ಕಬ್ಬನ್ ಪಾರ್ಕ್, ಮನೆ ಹತ್ತಿರದ ಯಾವ ಪಾರ್ಕಾದರೂ ಸರಿ. ಮಾತಾಡಬಹುದು, ಹಾಡಲು ಆಗಬಾರದು, ಆ ವೇಗ. ವಾರಕ್ಕೆ 150 ನಿಮಿಷ. ನೋವು ಇರುವವರು ಹತ್ತು ಹತ್ತು ನಿಮಿಷಕ್ಕೆ ಒಡೆದುಕೊಳ್ಳಿ. ಖರ್ಚು ಶೂ ಒಂದೇ.

ಈಜು ಮತ್ತು ಸೈಕಲ್, ಅದರಲ್ಲೂ ಮನೆಯೊಳಗಿನ ನಿಂತ ಸೈಕಲ್, ಇಳಿಜಾರಿನ ಪೆಟ್ಟು ಕೊಡುವುದಿಲ್ಲ. ತೊಡೆ ನಿಜವಾಗಿ ನೋಯುವವರಿಗೆ ನಡಿಗೆಗಿಂತಲೂ ಇವು ಹಿತ. ಈಜುಕೊಳಕ್ಕೆ ಫೀಸು, ಹೋಗಿಬರುವ ಟ್ರಾಫಿಕ್ಕು, ಅದು ನಿಮ್ಮ ಲೆಕ್ಕ.

ಜಿಮ್ ವಿಷಯದಲ್ಲಿ ಹೆದರಿಕೆ ಜಾಸ್ತಿ, ಕಾರಣ ಕಮ್ಮಿ. ಐವತ್ತು ದಾಟಿದ ಮೇಲೆ ವಾರಕ್ಕೆ ಎರಡು ದಿನ ಬಲದ ವ್ಯಾಯಾಮ ಬೇಕೇ ಬೇಕು, ಇಲ್ಲದಿದ್ದರೆ ಮಾಂಸಖಂಡ ವಯಸ್ಸಿಗೇ ಸವೆಯುತ್ತದೆ. ಅಟೊರ್ವಾ 80 ಎಂಜಿಯಂಥ ದೊಡ್ಡ ಡೋಸನ್ನು 420 ಆರೋಗ್ಯವಂತರಲ್ಲಿ ಅರ್ಧ ಜನರಿಗೆ ಆರು ತಿಂಗಳು ಕೊಟ್ಟ ಪ್ರಯೋಗವೊಂದು 2013ರಲ್ಲಿ ಬಂತು. ಮಾಂಸಖಂಡದ ನೋವು 9.4 ಶೇಕಡ ಜನರಿಗೆ ಬಂತು, ಸಪ್ಪೆ ಮಾತ್ರೆಯಲ್ಲಿ 4.6. ಬಲ ಮಾತ್ರ ಕುಗ್ಗಲಿಲ್ಲ. ಅದೇ ವರ್ಷ ಇನ್ನೊಂದು ಸಣ್ಣ ಪ್ರಯೋಗ, 37 ಜನರದ್ದು, ಬೇರೆ ಕಥೆ ಹೇಳಿತು. ಸಿಮ್ವಾ 40 ತಗೊಂಡು ಹನ್ನೆರಡು ವಾರ ವ್ಯಾಯಾಮ ಮಾಡಿದವರ ದಮ್ಮು, ಅಂದರೆ ದಣಿಯದೆ ದುಡಿಯುವ ತಾಕತ್ತು, ಸುಮಾರು 1.5 ಶೇಕಡ ಏರಿತು, ಮಾತ್ರೆ ಇಲ್ಲದೆ ವ್ಯಾಯಾಮ ಮಾಡಿದವರದ್ದು 10. ಒಂದು ಸಣ್ಣ ಪ್ರಯೋಗದ ಮೇಲೆ ಮನೆ ಕಟ್ಟಲಾಗದು, ಆದರೆ ನನಗೆ ಪ್ರಗತಿಯೇ ಆಗುತ್ತಿಲ್ಲ ಅನ್ನುವವರನ್ನು ಸೋಮಾರಿ ಅಂತ ಬೈಯುವ ಮುಂಚೆ ಇದು ನೆನಪಿರಲಿ. ಜಿಮ್ಮಿನಲ್ಲಿ ನಿಜವಾದ ಶತ್ರು ಮೊದಲ ದಿನದ ಉತ್ಸಾಹ. ಹೊಸ ಟ್ರೈನರ್ ಮೊದಲ ದಿನವೇ ನೂರು ಸ್ಕ್ವಾಟ್ಸ್ ಅಂದರೆ ನಮಸ್ಕಾರ ಹಾಕಿ ಬನ್ನಿ.

ಓಟ, ಬೆಟ್ಟ, ಬ್ಯಾಡ್ಮಿಂಟನ್ ಇವು ಮೂರೂ ತಡೆಯುವ, ಹಿಗ್ಗುವ ಪೆಟ್ಟು ಕೊಡುವಂಥವು. ಮ್ಯಾರಥಾನ್ ಓಡಿದವರಲ್ಲಿ ಸ್ಟಾಟಿನ್ ತಗೊಳ್ಳುವವರ ಸಿಪಿಕೆ ಉಳಿದವರಿಗಿಂತ ಜಾಸ್ತಿ ಏರಿದ್ದು ಬಾಸ್ಟನ್‌ನಲ್ಲಿ ಕಂಡಿದೆ. ನಿಷಿದ್ಧ ಅಲ್ಲ, ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ನಂದಿಬೆಟ್ಟ ನಡೆದು ಹತ್ತಿ, ಇಳಿಯಲು ಗಾಡಿ ಹಿಡಿದರೆ ಮರ್ಯಾದೆಗೇನೂ ಕಮ್ಮಿಯಿಲ್ಲ. ಯೋಗ ಎಲ್ಲರಿಗೂ ಆಗುತ್ತದೆ, ಆದರೆ ಅದೊಂದೇ ಮಾಡಿ ವಾಕಿಂಗ್ ಬಿಡುವುದು ನನಗೆ ಇಷ್ಟವಿಲ್ಲ.

ಯಾರಿಗೆ ಯಾವುದು

ಸ್ಟೆಂಟ್ ಆದವರಿಗೆ: ಮಾತ್ರೆ ಬಿಡುವ ಆಯ್ಕೆಯೇ ಇಲ್ಲ ಅಂದುಕೊಂಡು ಶುರು ಮಾಡಿ. ನೋವಿದ್ದರೆ ಡಾಕ್ಟರ ಹತ್ತಿರ ಸಣ್ಣ ಡೋಸ್ ಜೊತೆ ಎಜೆಟಿಮೈಬ್ ಬಗ್ಗೆ ಕೇಳಿ. ಎಲ್‌ಡಿಎಲ್ ಗುರಿ 55ಕ್ಕಿಂತ ಕೆಳಗೆ ಅಂತ ಈಗ ಹೇಳುತ್ತಾರೆ, ಅದು ವ್ಯಾಯಾಮ ಒಂದರಿಂದ ಆಗುವ ಮಾತಲ್ಲ. ವ್ಯಾಯಾಮ ಎಲ್‌ಡಿಎಲ್ ಅನ್ನು ಸ್ವಲ್ಪವೇ ಇಳಿಸುತ್ತದೆ, ಅದರ ಲಾಭ ಬೇರೆ ಕಡೆ. ಹಾಗೆಯೇ ಮಾತ್ರೆ ನುಂಗಿ ಸೋಫಾ ಮೇಲೆ ಕೂತರೂ ಅರ್ಧ ಕೆಲಸವೇ. ಅಮೆರಿಕದ ಮಾಜಿ ಸೈನಿಕರಲ್ಲಿ ಕೊಲೆಸ್ಟ್ರಾಲ್ ತೊಂದರೆ ಇದ್ದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿದಾಗ ಸ್ಟಾಟಿನ್ನೂ ಇದ್ದು, ದಮ್ಮೂ ಚೆನ್ನಾಗಿದ್ದವರೇ ಎಲ್ಲರಿಗಿಂತ ಹೆಚ್ಚು ಬದುಕಿದರು.

ನಲವತ್ತೈದರ ಐಟಿ ಉದ್ಯೋಗಿ, ಎಲ್‌ಡಿಎಲ್ ಮಾತ್ರ ಸ್ವಲ್ಪ ಮೇಲಿದೆ, ಶುಗರ್ ಇಲ್ಲ, ಸಿಗರೇಟ್ ಇಲ್ಲ, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಾರ್ಟ್ ಅಟ್ಯಾಕ್ ಇಲ್ಲ, ಮಾತ್ರೆಯಿಂದ ನೋವು: ನಿಮಗೆ ಸಮಯ ಇದೆ. ಹೃದಯದ ರಕ್ತನಾಳದಲ್ಲಿ ಕ್ಯಾಲ್ಸಿಯಂ ಎಷ್ಟು ಕಟ್ಟಿದೆ ಅಂತ ಅಳೆಯುವ ಕ್ಯಾಲ್ಸಿಯಂ ಸ್ಕೋರ್ ಸಿಟಿ ಸ್ಕ್ಯಾನ್ ಬಗ್ಗೆ ಡಾಕ್ಟರಿಗೆ ಕೇಳಬಹುದು. ಸೊನ್ನೆ ಬಂದರೆ ಕೆಲವರಿಗೆ ಮಾತ್ರೆ ಮುಂದೂಡುತ್ತಾರೆ. ಮೇಲೆ ಬಂದರೆ ನೋವಿನ ನೆಪ ಬಿಟ್ಟು ಒಗ್ಗುವ ಸ್ಟಾಟಿನ್ ಹುಡುಕುವ ಹುರುಪು ಬರುತ್ತದೆ.

ಎಪ್ಪತ್ತರ, ಸಣ್ಣ ಮೈಕಟ್ಟಿನ ಅತ್ತೆಯಂಥವರಿಗೆ: ಮೊದಲು ಟಿಎಸ್‌ಎಚ್, ಆಮೇಲೆ ಬೇರೆ ಮಾತ್ರೆಗಳ ಪಟ್ಟಿ, ಆಮೇಲೆ ಸಣ್ಣ ಡೋಸ್. ಮನೆಯಲ್ಲೇ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಸಂಜೆ ನಡಿಗೆ. ಮೊದಲು ಹತ್ತು ಸಲ ಎದ್ದವರು ಈಗ ನಾಲ್ಕಕ್ಕೇ ಸೋತರೆ ಅದು ಬರೀ ನೋವಲ್ಲ, ಬಲ ಹೋಗುತ್ತಿದೆ, ಡಾಕ್ಟರಿಗೆ ಹೇಳಿ.

ಕೈ ಬಿಗಿ ಇರುವವರಿಗೆ: ಜನರಿಕ್ ಸ್ಟಾಟಿನ್ ಸಣ್ಣ ಡೋಸ್, ಪಾರ್ಕಿನ ನಡಿಗೆ, ಒಂದು ಸಿಪಿಕೆ, ಒಂದು ಟಿಎಸ್‌ಎಚ್. ಸಪ್ಲಿಮೆಂಟಿಗೆ ಒಂದು ರೂಪಾಯಿಯೂ ಬೇಡ.

ಏಪ್ರಿಲ್ ಮೇ ಹೊತ್ತಿಗೆ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಡುವವರಿಗೆ: ಓಟದ ಹಿಂದಿನ ತಿಂಗಳು ಡೋಸ್ ಏರಿಸುವುದು, ಹೊಸ ಸ್ಟಾಟಿನ್ ಶುರು ಮಾಡುವುದು ಬೇಡ ಅಂತ ಡಾಕ್ಟರಿಗೆ ಮೊದಲೇ ಹೇಳಿಡಿ. ಓಟದ ಮಾರನೆಯ ವಾರ ರಕ್ತ ಕೊಡಬೇಡಿ.

ನಮ್ಮ ಭಾವನ ಕಥೆ ಹೇಳಿ ಮುಗಿಸುತ್ತೇನೆ. "ನಾನು ಬಿಟ್ಟೇಬಿಟ್ಟೆ" ಅಂದ ಮಹಾನುಭಾವರು ಅವರೇ. ಅರವತ್ತೆರಡು ವಯಸ್ಸು, ಎರಡು ಸ್ಟೆಂಟ್. ಅಟೊರ್ವಾ 40 ತಾವೇ ನಿಲ್ಲಿಸಿ ಎರಡು ತಿಂಗಳಾಗಿತ್ತು, ಅಕ್ಕನಿಗೂ ಗೊತ್ತಿರಲಿಲ್ಲ. "ಭಾವ, ನೋವು ನಿಜ ಅಂತಾನೇ ಇಟ್ಕೊಳ್ಳೋಣ, ಆದ್ರೆ ಡಾಕ್ಟರಿಗೆ ಒಂದು ಮಾತು ಹೇಳೋಕೇನು?" ಅಂದೆ. "ಬೈತಾರೆ ಕಣೋ" ಅಂದರು. ಅವರನ್ನು ಕರೆದುಕೊಂಡು ಹೋದೆ. ಬೈದರು, ನಿಜ. ಆಮೇಲೆ ರೋಸುವಾ 10, ಎಜೆಟಿಮೈಬ್ 10 ಸೇರಿದ ಮಾತ್ರೆ ಬರೆದುಕೊಟ್ಟರು. ಕ್ಯಾಲೆಂಡರಿನ ಚೌಕದಲ್ಲಿ ದಿನಾ ನೋವಿಗೆ ಹತ್ತಕ್ಕೆ ಇಷ್ಟು ಅಂತ ಬರೆಯಲು ಹೇಳಿದರು. ಮೊದಲ ವಾರ 5, 6, 5 ಅಂತ ಇತ್ತು. ಆರನೆಯ ವಾರದ ಹೊತ್ತಿಗೆ 2, 1, 2. ಒಂದು ಸೋಮವಾರ ಮಾತ್ರ 7. ಪಕ್ಕದಲ್ಲಿ ಅಕ್ಕನ ಅಕ್ಷರದಲ್ಲಿ ಸಣ್ಣದಾಗಿ ಬರೆದಿತ್ತು: ಭಾನುವಾರ ಮೊಮ್ಮಗನ ಜೊತೆ ಕ್ರಿಕೆಟ್.